ಬಾಣಂತಿಯ ಹೊಟ್ಟೆ ಮತ್ತು ಹೊಕ್ಕುಳಿನ ಹರ್ನಿಯಾ

ಹುಬ್ಬಳ್ಳಿಯ ಕಡೆಯಿಂದ ಘಟ್ಟವಿಳಿದು ಬರುವ ರೈಲುಮಾರ್ಗ ಕುಳೆಯನ್ನು ದಾಟಿ ಕುಡಚಡೆಗೆ ಬರುತ್ತದೆ. ತವರಿನಲ್ಲಿ ಬಾಣಂತನ ಮುಗಿಸಿ ಕೂಸಿನೊಡನೆ ಮರಳುವ ಕನ್ನಡದ ಹೆಣ್ಣುಮಕ್ಕಳಿಗೆ ಇದೇ ಹಾದಿ. ಮರಳಿದ ಕೆಲವೇ ದಿನಗಳಲ್ಲಿ ನೀರಿನ ಕೊಡ, ಹಲವರಿಗೆ ಕಟ್ಟಡದ ಕೆಲಸದ ಬುಟ್ಟಿಯೂ ಕಾದಿರುತ್ತದೆ. ಹೆರಿಗೆಯಾಗಿ ನಾಲ್ಕು ತಿಂಗಳು ಕಳೆದರೂ ಹೊಟ್ಟೆ ಒಳಸೇರದಿದ್ದರೆ, ‘ಮತ್ತೆ ಬಸುರೇನು?’ ಎಂಬ ನೆರೆಯವರ ಮಾತಿಗೆ ನಾಚಿ ಸುಮ್ಮನಾಗುವವರೇ ಹೆಚ್ಚು. ಅದು ಬೊಜ್ಜೇ ಆಗಿರಬೇಕೆಂದಿಲ್ಲ.

ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಎರಡು ಉದ್ದನೆಯ ಸ್ನಾಯುಗಳು ಅಕ್ಕಪಕ್ಕ ಇಳಿದಿರುತ್ತವೆ. ಅವನ್ನು ನಡುವೆ ಬೆಸೆದಿರುವುದು ಬಿಳಿಯ ನಾರಿನ ಪಟ್ಟಿ. ಗರ್ಭ ಬೆಳೆದಂತೆ ಈ ಪಟ್ಟಿ ಹಿಗ್ಗಿ ತೆಳುವಾಗುತ್ತದೆ, ಸ್ನಾಯುಗಳು ದೂರ ಸರಿಯುತ್ತವೆ. ಗೋವೆಯನ್ನು ಒಮ್ಮೆ ಆಳಿದ ಪೋರ್ಚುಗಲ್ಲಿನಲ್ಲಿಯೇ 84 ಚೊಚ್ಚಲ ಗರ್ಭಿಣಿಯರನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 35ನೆಯ ವಾರದಲ್ಲಿ ಅವರೆಲ್ಲರಲ್ಲಿಯೂ ಈ ಅಂತರ ಕಂಡುಬಂದಿತು. ಹೆರಿಗೆಯಾಗಿ ಆರು ತಿಂಗಳಾದಾಗಲೂ ಶೇ. 39ರಷ್ಟು ಮಂದಿಯಲ್ಲಿ ಉಳಿದಿತ್ತು. ನಾಚಿಕೆಗೆ ಇಲ್ಲಿ ಕಾರಣವೇ ಇಲ್ಲ.

ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನು ತುಸುವೇ ಎತ್ತಿ ಹೊಕ್ಕುಳಿನ ಮೇಲೆ ಕೆಳಗೆ ಬೆರಳಿಟ್ಟು ನೋಡಬಹುದು. ಎರಡು ಬೆರಳಿಗಿಂತ ಹೆಚ್ಚು ಅಗಲದ ಸಂದು ಸಿಕ್ಕರೆ ವೈದ್ಯರಿಗೆ ತೋರಿಸಬೇಕು. ನಾರಿನ ಪಟ್ಟಿ ಹಿಗ್ಗಿದ್ದರೂ ಹರಿದಿರದಿದ್ದರೆ ಅದು ಸ್ನಾಯುಗಳ ಅಗಲಿಕೆ ಮಾತ್ರ. ಅದರಲ್ಲಿ ರಂಧ್ರವಾಗಿ ಕೊಬ್ಬೋ ಕರುಳೋ ಹೊರನುಗ್ಗಿದರೆ ಅದು ಹರ್ನಿಯಾ. ಹರ್ನಿಯಾ ಗಂಡಸರ ರೋಗವೆಂಬ ನಂಬಿಕೆಯಿಂದಲೇ ಹೊಕ್ಕುಳಿನ ಗಂಟನ್ನು ವರ್ಷಗಟ್ಟಲೆ ಸೆರಗಿನಡಿ ಮುಚ್ಚಿಟ್ಟುಕೊಂಡವರುಂಟು. ಸಿಸೇರಿಯನ್ನಿನ ಗಾಯದ ಗುರುತಿನಲ್ಲಿಯೂ ಅದು ತಲೆದೋರಬಹುದು.

ಅಗಲಿಕೆಗೆ ವ್ಯಾಯಾಮವುಂಟು, ಆದರೆ ಹೊಟ್ಟೆ ಕರಗಿಸಲೆಂದು ಮಲಗಿ ಏಳುವ ಕಸರತ್ತನ್ನು ಮೊದಲಿಗೇ ಹಿಡಿಯುವುದು ತಪ್ಪು. ಆಗ ಹೊಟ್ಟೆಯ ನಡುವೆ ದಿಂಡಿನಂತೆ ಉಬ್ಬು ಏಳುತ್ತಿದ್ದರೆ ನಿಲ್ಲಿಸಲೇಬೇಕು. ನಿಧಾನವಾಗಿ ಉಸಿರು ಬಿಡುತ್ತ ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಕ್ಕೆಳೆಯುವುದು, ಮೂತ್ರ ತಡೆಯುವಾಗಿನಂತೆ ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವುದು, ಇಷ್ಟರಿಂದ ಆರಂಭ. ಶಸ್ತ್ರಕ್ರಿಯೆಯ ಹೆರಿಗೆಯಾದವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಹಾಸಿಗೆಯಿಂದ ಏಳುವಾಗ ಮಗ್ಗುಲಿಗೆ ಹೊರಳಿ ಕೈಯೂರಿ ಏಳುವುದು ಚಿಕ್ಕ ವಿಷಯವೆನಿಸಿದರೂ ದಿನಕ್ಕೆ ಹತ್ತು ಬಾರಿ ಕೂಸಿಗಾಗಿ ಏಳುವವಳಿಗೆ ಅದೇ ದೊಡ್ಡ ಉಪಕಾರ.

ಹಿರಿಯರು ಕಟ್ಟುವ ಹೊಟ್ಟೆಬಟ್ಟೆ ಆಸರೆ ನೀಡುತ್ತದೆ, ಸಂದನ್ನು ಮುಚ್ಚುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಮುಖವಾಗುತ್ತದೆ. ಬಾಣಂತಿಗೆ ನೀರು, ಸೊಪ್ಪು ಕಡಿಮೆ ಮಾಡುವ ರೂಢಿಯನ್ನಂತೂ ಬಿಡುವುದೇ ಲೇಸು. ಅದರಿಂದ ಮಲಬದ್ಧತೆ, ಮಲಬದ್ಧತೆಯಿಂದ ಮುಕ್ಕುವುದು, ಮುಕ್ಕಿದಷ್ಟೂ ಹೊಟ್ಟೆಯ ಗೋಡೆಗೆ ಪೆಟ್ಟು. ಅಂಟಿನ ಉಂಡೆಯ ಜೊತೆಗೆ ತಂಬಿಗೆ ನೀರೂ ಇರಲಿ.

ಕಷ್ಟವಿರುವುದು ಭಾರದ ವಿಷಯದಲ್ಲಿ. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ದಿನಗೂಲಿಯವಳಿಗೆ ಅದು ಕಾಗದದ ಮಾತು. ಕೊಡವನ್ನು ಅರ್ಧ ತುಂಬಿ ಎರಡು ಸಲ ತರುವುದು, ಮೊದಲ ತಿಂಗಳುಗಳಲ್ಲಿ ಗಂಡನೋ ಅತ್ತೆಯೋ ನೀರು ಹೊರುವುದು ಮನೆಯೊಳಗೇ ಆಗಬಹುದಾದ ಕೆಲಸ.

ಹರ್ನಿಯಾದ ರಂಧ್ರ ವ್ಯಾಯಾಮದಿಂದ ಮುಚ್ಚದು. ಚಿಕ್ಕದಾದರೆ ಹೊಲಿಗೆ, ದೊಡ್ಡದಾದರೆ ಬಲೆಯಂಥ ಜಾಲರಿ ಇಟ್ಟು ಸರಿಪಡಿಸುತ್ತಾರೆ. ತುರ್ತಿಲ್ಲದಿದ್ದರೆ, ಇನ್ನೂ ಮಕ್ಕಳು ಬೇಕೆನ್ನುವವರಿಗೆ ಅದು ಮುಗಿಯುವವರೆಗೆ ಕಾಯಲು ವೈದ್ಯರು ಸಾಮಾನ್ಯವಾಗಿ ಹೇಳುವುದುಂಟು. ಮರುಬಸಿರಿನಲ್ಲಿ ಹೊಲಿಗೆ ಸಡಿಲವಾಗಿ ಹರ್ನಿಯಾ ಮರುಕಳಿಸಬಹುದು. ಇದಕ್ಕೆ ಮಡಗಾಂವದ ಜಿಲ್ಲಾ ಆಸ್ಪತ್ರೆಯೂ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜೂ ಇವೆ. ಆದರೆ ಗಂಟು ಗಟ್ಟಿಯಾಗಿ ಒಳಸರಿಯದೆ, ತೀವ್ರ ನೋವು, ವಾಂತಿ ಕಾಣಿಸಿಕೊಂಡರೆ, ಅಥವಾ ಅದರ ಮೇಲಿನ ಚರ್ಮ ಕೆಂಪಾಗಿ ಕಪ್ಪಾಗತೊಡಗಿದರೆ, ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತಿರಬಹುದು. ಆಗ ಗಂಟನ್ನು ಒತ್ತಿ ತೂರಿಸಲು ಹೋಗದೆ, ಏನನ್ನೂ ತಿನ್ನಿಸದೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.