ಮೂರು ಸಲ ಹೇಳಿದ ಮಾತು

ಪೋರೂರಿನಲ್ಲಿ ಮನೆ ಮಾಡಿದವರಿಗೆ ವಿಮಾನದ ಸದ್ದು ಹೊಸದಲ್ಲ, ಮೀನಂಬಾಕ್ಕಂ ಹತ್ತಿರವೇ ಇದೆ. ಆಫೀಸ್ ಕಾಲ್ ನಡುವೆ ಒಂದು ಹಾದುಹೋದರೆ "ಸಾರಿ, ಫ್ಲೈಟ್" ಅಂತ ಮ್ಯೂಟ್ ಒತ್ತುವುದು ನಮ್ಮಲ್ಲಿ ಮಾಮೂಲು. ಆ ಸದ್ದಿನೊಳಗೆ ಕೂತವರು ಒಬ್ಬರಿಗೊಬ್ಬರು ಹೇಗೆ ಮಾತಾಡಿಕೊಳ್ಳುತ್ತಾರೆ ಅಂತ ನಾನು ಯೋಚಿಸಿರಲಿಲ್ಲ. ಕಳೆದ ತಿಂಗಳು ಅಕ್ಕನ ಮಗಳು ರಜೆಗೆ ಬರುವವರೆಗೆ.

ಅವಳು ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಬಂದವಳೇ ಹಾಲ್‌ನ ಗೋಡೆಗೆ, ಕ್ಯಾಲೆಂಡರ್ ಪಕ್ಕದಲ್ಲಿ, ಕಾಕ್‌ಪಿಟ್ಟಿನ ಪೋಸ್ಟರ್ ಅಂಟಿಸಿದಳು. ಅದರ ಮುಂದೆ ಕುರ್ಚಿ ಹಾಕಿಕೊಂಡು, ಚಿತ್ರದ ಗುಂಡಿಗಳನ್ನೇ ಒತ್ತಿ ಒತ್ತಿ ಕೈ ಪಳಗಿಸಬೇಕಂತೆ. ನನಗೂ ಒಂದು ಕುರ್ಚಿ ಸಿಕ್ಕಿತು.

ಅವಳು ಮೊದಲು ತೋರಿಸಿದ್ದು ಆಡಿಯೋ ಪ್ಯಾನೆಲ್. ರೇಡಿಯೋಗಳ ನಡುವೆ ಉದ್ದಕ್ಕೆ ಮಲಗಿದ ಒಂದು ಪಟ್ಟಿ. ಸೆಸ್ನಾದಂಥ ಸಣ್ಣ ವಿಮಾನದಲ್ಲೂ ಸಾಮಾನ್ಯವಾಗಿ ಎರಡು ರೇಡಿಯೋ ಇರುತ್ತವೆ, ಕಾಮ್ 1 ಮತ್ತು ಕಾಮ್ 2. ಎರಡನ್ನೂ ಒಟ್ಟಿಗೆ ಕೇಳಬಹುದು, ಆದರೆ ಮಾತು ಹೋಗುವುದು ಮೈಕ್ ಗುಂಡಿ ಒತ್ತಿದ ರೇಡಿಯೋಗೆ ಮಾತ್ರ. ಹೊಸಬರು ಎಡವುವುದು ಇಲ್ಲೇ. ಒಂದರಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಉತ್ತರ ಕೊಡುತ್ತಾರೆ. ಟವರ್ ಕರೆಯುತ್ತಲೇ ಇರುತ್ತದೆ, ಇವರು ಹೇಳಿದೆನಲ್ಲ ಅಂತ ನಿಶ್ಚಿಂತೆಯಿಂದ ಕೂತಿರುತ್ತಾರೆ. (ನಮ್ಮ ಕಾಲ್‌ಗಳಲ್ಲಿ ದಿನಕ್ಕೆ ಹತ್ತು ಸಲ "ಯೂ ಆರ್ ಆನ್ ಮ್ಯೂಟ್" ಕೇಳುವವನಾಗಿ ನಾನು ನಗಲಿಲ್ಲ.)

ಇದಕ್ಕಿಂತ ಕೆಟ್ಟದ್ದು ಮಾತಾಡುವ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಳ್ಳುವುದು. ಆಗ ಆ ಚಾನೆಲ್ ಯಾರಿಗೂ ಇಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೂ ಕೇಳುವವರಿಗೆ ಬರೀ ಕೀರಲು ಸದ್ದು. 1977ರ ಮಾರ್ಚ್ 27ರಂದು ಟೆನೆರಿಫ್‌ನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ಅದಕ್ಕೆ ಸ್ವಲ್ಪ ಮುಂಚೆ ಟವರ್ ಮತ್ತು ಒಂದು ವಿಮಾನ ಒಂದೇ ಕ್ಷಣ ಮಾತಾಡಿದ್ದವು. ಕೇಳಲೇಬೇಕಾಗಿದ್ದ ಮಾತು ಆ ಕೀರಲಿನಲ್ಲಿ ಮುಳುಗಿತು.

ಆಮೇಲೆ ಇಂಟರ್‌ಕಾಮ್, ಅಂದರೆ ಒಳಗಿನವರ ಮಾತುಕತೆ. ಅದರಲ್ಲಿ ಸ್ಕ್ವೆಲ್ಚ್ ಅಂತ ಒಂದು ತಿರುಗುಗುಂಡಿ. ದನಿ ಒಂದು ಮಟ್ಟ ದಾಟಿದರಷ್ಟೇ ಮೈಕ್ ಬಾಗಿಲು ತೆರೆಯುತ್ತದೆ. ಆ ಮಟ್ಟ ಕೆಳಗಿದ್ದರೆ ಇಂಜಿನ್ನಿನ ಗದ್ದಲವೆಲ್ಲ ಕಿವಿಗೆ. ಮೇಲಿದ್ದರೆ ಮಾತಿನ ಮೊದಲ ಅಕ್ಷರ ಕತ್ತರಿಸಿಹೋಗುತ್ತದೆ, ಮೆಲುದನಿಯವರ ಮಾತಂತೂ ದಾಟುವುದೇ ಇಲ್ಲ. ಇಂಜಿನ್ ಓಡುತ್ತಿರುವಾಗಲೇ, ಪಕ್ಕದವರನ್ನು ಮಾತಾಡಿಸಿ ನೋಡಿ ಸರಿಪಡಿಸಬೇಕು.

ಪೈಲಟ್ ಐಸೋಲೇಟ್ ಇನ್ನೊಂದು ಗುಂಡಿ. ಒತ್ತಿದರೆ ಪೈಲಟ್‌ಗೆ ರೇಡಿಯೋ ಮಾತ್ರ, ಉಳಿದವರ ಮಾತು ಕೇಳಿಸದು. ನಾನು ಅದನ್ನು ಒತ್ತಿಬಿಟ್ಟೆ. "ಈಗ ನಾನು ಎಷ್ಟು ಕೂಗಿದರೂ ನಿಮಗೆ ಕೇಳಲ್ಲ ಮಾಮ" ಅಂದಳು. ಇಡೀ ಪ್ಯಾನೆಲ್ ಕೆಟ್ಟರೆ? ಅದಕ್ಕೂ ದಾರಿ ಇದೆ. ಹಲವು ಪ್ಯಾನೆಲ್‌ಗಳಲ್ಲಿ ಕರೆಂಟ್ ಹೋದರೆ ಪೈಲಟ್‌ನ ಹೆಡ್‌ಸೆಟ್ ತಾನಾಗಿ ನೇರ ಕಾಮ್ 1ಕ್ಕೆ ಕೂಡಿಕೊಳ್ಳುತ್ತದೆ. ಕೆಟ್ಟ ಮೇಲೂ ಒಂದು ದಾರಿ ಉಳಿಸುವ ಈ ವಿನ್ಯಾಸ ನನ್ನಂಥ ಸಾಫ್ಟ್‌ವೇರ್‌ನವನಿಗೆ ಬಹಳ ಹಿಡಿಸಿತು.

ಆದರೆ ಅಷ್ಟರಲ್ಲಿ ನನ್ನ ತಲೆ ಮಂಗಳೂರಿಗೆ ಹೋಗಿತ್ತು.

2010ರ ಮೇ 22, ಶನಿವಾರ. ನಾನು ಚೆನ್ನೈಗೆ ಬಂದ ಹೊಸತು. ಬೆಳಿಗ್ಗೆ ಮೆಸ್ಸಿನ ಟೀವಿಯಲ್ಲಿ ಬಜ್ಪೆಯ ಹೊಗೆ ಕಾಣುತ್ತಿತ್ತು, ಊರಿಗೆ ಫೋನ್ ಮಾಡಿದರೆ ಲೈನ್ ಸಿಗುತ್ತಿರಲಿಲ್ಲ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಜನ, ಉಳಿದವರು 8. ಆಮೇಲೆ ತನಿಖೆಯ ವರದಿ ಬಂತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ ಎಂಬ ಅರ್ಥದಲ್ಲಿ ಸಹಪೈಲಟ್ ಮೂರು ಸಲ "ಗೋ ಅರೌಂಡ್" ಅಂದಿದ್ದರು. ಯಂತ್ರವೂ ಎಚ್ಚರಿಸಿತ್ತು. ಕಾಕ್‌ಪಿಟ್ಟಿನ ರೆಕಾರ್ಡರಿನಲ್ಲಿ ಆ ಮಾತು ದಾಖಲಾಗಿತ್ತು. ಪಕ್ಕದ ಸೀಟಿಗೆ ಎಷ್ಟು ದೂರ?

ಇದನ್ನು ಹೇಳುವಾಗ ನನ್ನದೂ ಒಂದು ಬಾಯಿಗೆ ಬಂತು. ಒಂದು ರಿಲೀಸ್ ರಾತ್ರಿ, ತಂಡದ ಅತಿ ಕಿರಿಯ ಹುಡುಗ "ಸರ್, ರೋಲ್‌ಬ್ಯಾಕ್ ಮಾಡೋಣ್ವಾ" ಅಂದಿದ್ದ. ನನಗೆ ಕೇಳಿಸಿತ್ತು. ಎರಡನೇ ಸಲವೂ ಕೇಳಿಸಿತ್ತು. "ಒಂದ್ನಿಮಿಷ" ಅಂದೆ. ಮೂರನೇ ಸಲ ಅವನು ಹೇಳಲಿಲ್ಲ. ಬೆಳಗಿನವರೆಗೆ ಗ್ರಾಹಕರ ಪೇಮೆಂಟ್‌ಗಳು ಎರಡೆರಡು ಸಲ ಹೋದವು. ಮೀಟಿಂಗಿನಲ್ಲಿ ಕಾರಣ ಕೇಳಿದಾಗ ನಾನು ಅವನ ಮಾತಿನ ವಿಷಯ ಎತ್ತಲೇ ಇಲ್ಲ. ಅವನೂ ಎತ್ತಲಿಲ್ಲ. ಈಗ ಬೇರೆ ಕಂಪನಿಯಲ್ಲಿದ್ದಾನೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾಮ, ನಾನು ನಮ್ಮ ಇನ್‌ಸ್ಟ್ರಕ್ಟರ್‌ಗೆ ಇದುವರೆಗೆ ಒಂದು ಸಲವೂ ಬೇಡ ಸರ್ ಅಂದಿಲ್ಲ" ಅಂದಳು. ಅನುಮಾನ ಬಂದಾಗಲೂ ಅಂದಿಲ್ಲವಂತೆ, ಬೈದರೆ ಅಂತ ಹೆದರಿಕೆ.

"ಎಷ್ಟು ಗಟ್ಟಿಯಾಗಿ ಹೇಳ್ತೀಯ, ಹೇಳು ನೋಡೋಣ" ಅಂದೆ.

ಕುರ್ಚಿಗಳನ್ನು ಅದಲು ಬದಲು ಮಾಡಿದಳು. ನಾನು ಎಡಗಡೆ, ಅವಳು ಬಲಗಡೆ. "ನೀವು ಕೇಳಿಸದ ಹಾಗೆ ಇಳಿಸ್ತಾ ಇರಿ" ಅಂದಳು. ಮೊದಲ ಸಲ ಅವಳ ದನಿ ಫ್ಯಾನಿನ ಸದ್ದನ್ನೂ ದಾಟಲಿಲ್ಲ. ಮೂರನೆಯದಕ್ಕೆ ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.