ಹಿಂದಿನ ಸೀಟಿನ ಲೆಕ್ಕ

ನನ್ನ ಹತ್ರ ಇರೋದು 2017ರ ಡೊಮಿನಾರ್ 400. ಇದುವರೆಗೆ ಓಡಿದ್ದು 61 ಸಾವಿರ ಕಿಲೋಮೀಟರ್. ಈ ಸಲ ಬೋನಸ್ ಬಂದ ದಿನವೇ ತಲೆಗೆ ಹುಳ ಬಿಟ್ಟುಕೊಂಡೆ: ನಿಂಜಾ 650 ತಗೊಂಡ್ರೆ ಹೇಗೆ?

ಆಸೆಗೆ ಕಾರಣ ಇಲ್ಲದೇ ಇಲ್ಲ. ನನ್ನದು 373 ಸಿಸಿ, ಒಂದೇ ಸಿಲಿಂಡರ್, 35 ಪಿಎಸ್. ವೇಗ ನೂರು ದಾಟಿದರೆ ಹ್ಯಾಂಡಲ್, ಫುಟ್‌ರೆಸ್ಟ್ ಎಲ್ಲಾ ಜುಮ್ ಅನ್ನುತ್ತೆ. ನಿಂಜಾ 649 ಸಿಸಿ, ಎರಡು ಸಿಲಿಂಡರ್, 68 ಪಿಎಸ್. ತೂಕ 14 ಕೆ.ಜಿ. ಅಷ್ಟೇ ಜಾಸ್ತಿ, ಶಕ್ತಿ ಮಾತ್ರ ಹತ್ತಿರಹತ್ತಿರ ಎರಡರಷ್ಟು. ಟೆಸ್ಟ್ ರೈಡ್ ಮುಗಿಸಿ ಹೆಲ್ಮೆಟ್ ತೆಗೆದಾಗ ಸುಮ್ಮನೆ ನಗ್ತಾ ಇದ್ದೆ.

ಮನೆಗೆ ಬಂದು ಎಕ್ಸೆಲ್ ಶೀಟ್ ತೆರೆದೆ. ನಮ್ಮಂಥೋರಿಗೆ ಅದಿಲ್ಲದೆ ನಿರ್ಧಾರ ಆಗಲ್ಲ ನೋಡಿ. ಕಳೆದ ವರ್ಷ ಓಡಿಸಿದ್ದು 7,400 ಕಿ.ಮೀ. ಅದರಲ್ಲಿ 4,000 ಆಫೀಸಿಗೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ, ಎರಡನೇ ಗೇರಿನಲ್ಲಿ. ಉಳಿದದ್ದು, ನಾನು 'ಟೂರಿಂಗ್' ಅಂತ ಕೊಚ್ಚಿಕೊಳ್ಳೋದು, ನಿಜ ಹೇಳಬೇಕಂದ್ರೆ ಐದು ಸಲ ತೀರ್ಥಹಳ್ಳಿಗೆ ಹೋಗಿ ಬಂದಿದ್ದು. ಮೈಸೂರು ಹೆದ್ದಾರಿಯಲ್ಲಿ ಹಾರಿಸೋಣ ಅಂದ್ರೆ, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕ್ ಬಿಡೋದೇ ಇಲ್ಲ. ಇನ್ನು 350 ಸಿಸಿ ಮೀರಿದ ಬೈಕ್‌ಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 40. ಇಎಂಐ ಕಾಲಂ ನೋಡಿ ಒಂದು ಲೋಟ ನೀರು ಕುಡಿದೆ.

ಆದ್ರೂ ಮನಸ್ಸು ಕೇಳಲಿಲ್ಲ. ಹೋದ ಮಳೆಗಾಲದಲ್ಲಿ ಮಂಡಗದ್ದೆ ಹತ್ತಿರ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತ್ತು. ಬೀಳಲಿಲ್ಲ, ಆದರೆ ಎದೆ ಬಡಿತ ಊರು ಮುಟ್ಟುವವರೆಗೂ ಇಳಿಯಲಿಲ್ಲ. 'ಹೊಸ ಬೈಕ್ ಆದ್ರೆ ಸೇಫ್' ಅಂತ ನನಗೆ ನಾನೇ ವಾದ ಮಾಡ್ತಿದ್ದೆ. ಮೆಕ್ಯಾನಿಕ್ ಅಣ್ಣ ಟೈರ್ ಮೇಲೆ ಬೆರಳಾಡಿಸಿ, "ಇದರಲ್ಲಿ ಗ್ರಿಪ್ ಎಲ್ಲಿದೆ ಸಾರ್? ಇದನ್ನ ಹಾಕ್ಕೊಂಡು ಯಾವ ಬೈಕ್ ಓಡಿಸಿದ್ರೂ ಜಾರುತ್ತೆ" ಅಂದ. ತಪ್ಪು ಬೈಕಿನದಲ್ಲ, ನನ್ನದು.

ದಸರಾಕ್ಕೆ ಊರಿಗೆ ಹೋದಾಗ ಅಪ್ಪನಿಗೆ ನಿಂಜಾ ಫೋಟೋ ತೋರಿಸಿದೆ. ಮಂಡಿ ಆಪರೇಷನ್ ಆದ ಮೇಲೆ ಅಪ್ಪ ಸ್ಕೂಟರ್ ಬಿಟ್ಟಿದ್ದಾರೆ. ನಾನು ಊರಿಗೆ ಹೋದಾಗ ಮಾತ್ರ ನನ್ನ ಹಿಂದೆ ಕೂತು ಪೇಟೆಗೆ, ತೋಟಕ್ಕೆ ಬರ್ತಾರೆ. ಫೋಟೋವನ್ನು ದೊಡ್ಡದು ಮಾಡಿ ನೋಡಿ ಕೇಳಿದ್ರು: "ಚೆನ್ನಾಗಿದೆ ಮಾರಾಯ. ಆದ್ರೆ ಇದ್ರಲ್ಲಿ ನಾ ಎಲ್ಲಿ ಕೂರೋದು?"

ಹಿಂದಿನ ಸೀಟು ಎತ್ತರ, ಚಿಕ್ಕದು. ನನ್ನ ಶೀಟಿನಲ್ಲಿ ಇಪ್ಪತ್ತಮೂರು ಕಾಲಂ ಇತ್ತು, ಇದೊಂದು ಇರಲಿಲ್ಲ.

ಸದ್ಯಕ್ಕೆ ಎರಡು ಟೈರ್, ಚೈನ್ ಸೆಟ್, ಫೋರ್ಕ್ ಆಯಿಲ್ ಹೊಸದು ಹಾಕಿಸಿದ್ದೀನಿ. ಜೆ.ಸಿ. ರಸ್ತೆಯಲ್ಲಿ ಹಿಂದಿನ ಸೀಟಿಗೆ ಮೆತ್ತಗಿನ ಫೋಮ್ ಕೂಡ. ಎಲ್ಲಾ ಸೇರಿ 25 ಸಾವಿರದೊಳಗೆ ಮುಗೀತು. ಬೈಕ್ ಬದಲಿಸೋ ಯೋಚನೆ ನಿಮಗೂ ಇದ್ರೆ, ಮೊದಲು ಟೈರ್ ಬದಲಿಸಿ ಒಂದು ತಿಂಗಳು ಓಡಿಸಿ. ಆಮೇಲೂ ಬೇಕು ಅನ್ನಿಸಿದ್ರೆ ತಗೊಳ್ಳಿ. ಶೋರೂಮಿಗೆ ಹೋಗುವಾಗ, ನಿಮ್ಮ ಹಿಂದೆ ಕೂರುವವರನ್ನೂ ಕರ್ಕೊಂಡು ಹೋಗಿ.

ನಿಂಜಾ ಆಸೆ ಹೋಗಿದೆಯಾ? ಇಲ್ಲ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ್ರೆ ಈಗಲೂ ಕಣ್ಣು ಅಲ್ಲೇ. ಆದರೆ ಮುಂದಿನ ಶನಿವಾರ ಅಪ್ಪನನ್ನ ಪೇಟೆಗೆ ಕರ್ಕೊಂಡು ಹೋಗೋದಿದೆ. ಹೊಸ ಫೋಮ್ ಹೇಗಿದೆ ಅಂತ ಅವರೇ ಹೇಳಬೇಕು.