ಜಾಗ ಚಿಕ್ಕದಿದ್ದರೆ ಗುಲಾಬಿಯೂ ಚಿಕ್ಕದಿರಲಿ

ಮೈಸೂರಿನ ಹೊಸ ಬಡಾವಣೆಗಳಲ್ಲಿ 20×30ರ ಸೈಟಿನಲ್ಲಿ ಮನೆ ಕಟ್ಟಿದವರಿಗೆ ತೋಟ ಅಂತ ಉಳಿಯುವುದು ಎಷ್ಟು? ಸಂಪು, ಸ್ಕೂಟರು, ತುಳಸಿಕಟ್ಟೆ, ಚಪ್ಪಲಿ ಸ್ಟ್ಯಾಂಡು ತಮ್ಮ ತಮ್ಮ ಪಾಲು ತೆಗೆದುಕೊಂಡ ಮೇಲೆ ಗೇಟಿನ ಪಕ್ಕ ಒಂದೂವರೆ ಅಡಿ ಅಗಲದ ಮಣ್ಣು. ಅದೂ ಮೇಸ್ತ್ರಿಯ ಹತ್ತಿರ ಜಗಳ ಆಡಿ, ಸಿಮೆಂಟು ಬಳಿಸದೆ ಉಳಿಸಿಕೊಂಡಿದ್ದರೆ. ಆ ಮಣ್ಣಿಗೆ ನಮ್ಮ ಜನ ತಂದು ನೆಡುವುದು ಅಂಗೈ ಅಗಲದ ಹೂ ಬಿಡುವ, ಆಳೆತ್ತರ ಬೆಳೆಯುವ ಕೆಂಪು ಗುಲಾಬಿ. ಒಂದೆರಡು ವರ್ಷದಲ್ಲಿ ಅದು ಉದ್ದ ಕಡ್ಡಿಯಾಗಿ ಕಾಂಪೌಂಡಿನಾಚೆ ಕತ್ತು ಚಾಚುತ್ತದೆ. ಹೂವೆಲ್ಲ ಬೆಳಗಿನ ವಾಕಿಂಗಿನವರ ಪಾಲು, ಬುಡದ ಮುಳ್ಳು ಮನೆಯವರ ಪಾಲು.

ಜಾಗ ಚಿಕ್ಕದಾದರೆ ಗುಲಾಬಿಯೂ ಚಿಕ್ಕದೇ ಇರಬೇಕು, ಬಿಳಿಯದಾದರೆ ಇನ್ನೂ ಒಳ್ಳೆಯದು ಅನ್ನುವುದು ನನ್ನ ವಾದ. ನರ್ಸರಿಯವರ ಬಾಯಲ್ಲಿ ಇದು ಬಟನ್ ರೋಸು. ಗಿಡ ಸಾಮಾನ್ಯವಾಗಿ ಒಂದು, ಒಂದೂವರೆ ಅಡಿ ಎತ್ತರ. ಎಲೆ, ಕಡ್ಡಿ, ಮುಳ್ಳು, ಹೂವು ಎಲ್ಲವೂ ಅದೇ ಅಳತೆಗೆ ಕುಗ್ಗಿರುತ್ತವೆ. ನಾನು ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ಎದುರಿನ ಕಿಟಕಿಯಿಂದ ನಮ್ಮ ಮಣ್ಣಿನ ಪಟ್ಟಿ ಪೂರ್ತಿ ಕಾಣುತ್ತದೆ. ಬ್ಲೌಸ್ ತೆಗೆದುಕೊಂಡು ಹೋಗಲು ಬಂದವರು ಗೇಟಿನ ಹತ್ತಿರ ನಿಂತು, "ಇದೇನಕ್ಕ, ಕಾಕಡಾನಾ?" ಅಂತಾರೆ. ಬಗ್ಗಿ ನೋಡಿದ ಮೇಲೆ, "ಅಯ್ಯೋ, ಗುಲಾಬಿ!"

ಬಗ್ಗಿ ನೋಡಬೇಕಾದ ಹೂವೇ ಅದು. ಮೊಗ್ಗು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದಾಗ ತುದಿಯಲ್ಲಿ ಕುಂಕುಮ ಸೋಕಿದಷ್ಟು ಗುಲಾಬಿ ಬಣ್ಣ ಇರುತ್ತದೆ. ಬಿರಿಯುತ್ತ ಬಿರಿಯುತ್ತ ಅದು ಕರಗಿ ಹಾಲುಬಿಳಿ ಉಳಿಯುತ್ತದೆ. ಒಂದಿಂಚು ಅಗಲದ ಹೂವಿನಲ್ಲಿ ಎಸಳು ಸುತ್ತು ಸುತ್ತಾಗಿ ಜೋಡಿಸಿಕೊಂಡಿರುವುದನ್ನು ನೋಡಿದರೆ, ಇಷ್ಟು ಸಣ್ಣ ನೆರಿಗೆಯನ್ನು ಯಾವ ಮೆಷಿನ್ನಿನಲ್ಲೂ ಹಿಡಿಯಲು ಆಗದು ಅಂತ ನನ್ನ ಕಸುಬಿನ ಬುದ್ಧಿ ಹೇಳುತ್ತದೆ. ಒಂದೊಂದು ಕಡ್ಡಿಯ ತುದಿಯಲ್ಲೂ ಗೊಂಚಲು. ಒಂದು ಉದುರುವಾಗ ಪಕ್ಕದ್ದು ಬಿರಿಯುತ್ತಿರುತ್ತದೆ.

ಬಿಳಿಯೇ ಯಾಕೆ? ನಮ್ಮಂಥ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಇರುವುದು ಸಂಜೆ ಏಳರ ಮೇಲೆ. ಮಬ್ಬುಗತ್ತಲಾದರೆ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಮಾಸುವ ಬಣ್ಣ ಕೆಂಪು. ಬೆಳಿಗ್ಗೆ ಬೆಂಕಿಯಂತಿದ್ದ ಹೂವು ಆ ಹೊತ್ತಿಗೆ ಕಪ್ಪು ಮುದ್ದೆ. ಬಿಳಿಯದು ಬೀದಿದೀಪದ ಬೆಳಕಿಗೂ ಕಾಣುತ್ತದೆ. ಹಗಲಿಡೀ ಆಫೀಸಿನಲ್ಲೋ ಗಾರ್ಮೆಂಟ್ಸಿನಲ್ಲೋ ಇರುವವರು ತಾವು ನೋಡಲಾಗದ ಬಣ್ಣದ ಗಿಡಕ್ಕೆ ನೀರು ಹಾಕುತ್ತ ಕೂರುವುದೇಕೆ?

ಬಿಳಿಗೆ ಕುಂದು ಇಲ್ಲವೆಂದಲ್ಲ. ಮಳೆಹನಿ ಬಿದ್ದು ನಿಂತರೆ ಎಸಳಿನ ಮೇಲೆ ಕೆಂಚು ಚುಕ್ಕೆ. ಬೇಸಿಗೆಯಲ್ಲಿ ಥ್ರಿಪ್ಸ್ ಹುಳ ಮೊಗ್ಗಿನೊಳಗೆ ಸೇರಿ ರಸ ಹೀರಿದರೆ ಎಸಳಿನ ಅಂಚು ಇಸ್ತ್ರಿ ತಾಗಿ ಸುಟ್ಟ ಹಾಗೆ ಕಾಣುತ್ತದೆ. ಕೆಂಪು ಹೂವಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಬಿಳಿಯಲ್ಲಿ ಮುಚ್ಚಿಡಲು ಆಗುವುದಿಲ್ಲ. ನನ್ನ ಪ್ರಕಾರ ಅದೂ ಒಂದು ಅನುಕೂಲವೇ. ಹುಳ ಬಂದದ್ದು ಬೇಗ ಗೊತ್ತಾಗುತ್ತದೆ. ಸುಟ್ಟ ಮೊಗ್ಗನ್ನು ಕಿತ್ತು ದೂರ ಎಸೆದು, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ಒಂದು ಚೂರು ಸೋಪಿನ ದ್ರಾವಣ ಕಲಕಿ ಸಂಜೆ ಹೊತ್ತು ಸಿಂಪಡಿಸಿದರೆ ಬಹುಪಾಲು ಹತೋಟಿಗೆ ಬರುತ್ತದೆ.

ಇನ್ನು ಈ ಗಿಡವನ್ನು ಕೊಲ್ಲುವ ಫ್ಯಾಷನ್ನಿನ ವಿಷಯ. ಚಿಕ್ಕ ಕುಂಡದಲ್ಲಿ, ರಿಬ್ಬನ್ ಕಟ್ಟಿ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಕೊಡುತ್ತಾರೆ. ತೆಗೆದುಕೊಂಡವರು ಅದನ್ನು ಟೀವಿ ಪಕ್ಕ ಇಡುತ್ತಾರೆ. ಎರಡು ವಾರದಲ್ಲಿ ಎಲೆ ಹಳದಿ, ತಿಂಗಳಿಗೆ ಬರೀ ಕಡ್ಡಿ, ಆಮೇಲೆ "ನಮ್ಮ ಕೈಗೆ ಗುಲಾಬಿ ಬರಲ್ಲಮ್ಮ" ಅನ್ನುವ ಹಳೇ ರಾಗ. ಕೈಯದೇನೂ ತಪ್ಪಿಲ್ಲ. ಗಾತ್ರ ಸಣ್ಣದಾದ ಮಾತ್ರಕ್ಕೆ ಅದು ಷೋಕೇಸಿನ ಬೊಂಬೆ ಆಗಿಬಿಡುವುದಿಲ್ಲ. ದೊಡ್ಡ ಗುಲಾಬಿಗೆ ಬೇಕಾದ ಐದಾರು ಗಂಟೆ ಬಿಸಿಲು ಇದಕ್ಕೂ ಬೇಕೇ ಬೇಕು.

ಇದರ ವಂಶದ ಕಥೆ ಗೊತ್ತಿದ್ದರೆ ಟೀವಿ ಪಕ್ಕ ಇಡುವ ಮನಸ್ಸು ಬರುವುದಿಲ್ಲ. ಮೂಲ ಚೀನಾದ ಕುಬ್ಜ ಗುಲಾಬಿ. 19ನೇ ಶತಮಾನದಲ್ಲಿ ಯುರೋಪಿನಲ್ಲಿ ಕುಂಡದ ಗಿಡವಾಗಿ ಮೆರೆದು ಆಮೇಲೆ ಮೂಲೆಗುಂಪಾಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ರೂಲೆ ಎಂಬ ಸೇನಾಧಿಕಾರಿ ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ಕಿಟಕಿ ಕುಂಡಗಳಲ್ಲಿ ಅಂಥ ಗಿಡ ಇರುವುದನ್ನು ಕಂಡು, ಸಸ್ಯಪ್ರೇಮಿ ಗೆಳೆಯ ಆನ್ರಿ ಕೊರೆವೊನ್‌ಗೆ ತಿಳಿಸಿದ. ಕೊರೆವೊನ್ ಗೆಳೆಯನ ಹೆಸರನ್ನೇ ಗಿಡಕ್ಕಿಟ್ಟ. ಬಿಸಿಲು, ಚಳಿ ಎರಡನ್ನೂ ಉಂಡು ಬದುಕಿದ ಗಿಡ ಅದು. ಆ ರಕ್ತದಿಂದಲೇ ಹಾಲೆಂಡಿನ ಯಾನ್ ಡಿ ವಿಂಕ್, ಸ್ಪೇನಿನ ಪೆಡ್ರೊ ಡಾಟ್ ಹೊಸ ತಳಿಗಳನ್ನು ಎಬ್ಬಿಸಿದರು. ಡಾಟ್ 1946ರಲ್ಲಿ ಕೊಟ್ಟ 'ಪಾರಾ ತಿ' ಬಿಳಿ ಬಟನ್ ರೋಸುಗಳಲ್ಲಿ ಹಿರಿಯದು. ಆಮೇಲೆ ಈ ಕೆಲಸಕ್ಕೆ ಜೀವಮಾನ ತೆತ್ತವರು ಕ್ಯಾಲಿಫೋರ್ನಿಯಾದ ರಾಲ್ಫ್ ಮೂರ್. 1907ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಪುಣ್ಯಾತ್ಮ. ಅವರ 'ಗ್ರೀನ್ ಐಸ್' 1971ರದು. ಬಿಳಿಯಾಗಿ ಅರಳಿ, ಸ್ವಲ್ಪ ನೆರಳಿದ್ದರೆ ತಿಳಿಹಸಿರಿಗೆ ತಿರುಗುತ್ತದೆ.

ನೆಡುವಾಗ ಸಣ್ಣ ಮನೆಯವರು ಗಮನಿಸಬೇಕಾದ್ದು ಮಣ್ಣನ್ನು. ಕಾಂಪೌಂಡ್ ಪಕ್ಕದ್ದು ಮಣ್ಣಲ್ಲ, ಮನೆ ಕಟ್ಟಿದವರು ಬಿಟ್ಟುಹೋದ ಸಿಮೆಂಟು, ಸುಣ್ಣ, ಇಟ್ಟಿಗೆ ಚೂರಿನ ಗುಡ್ಡೆ. ಸುಣ್ಣ ಹೆಚ್ಚಾದ ಕಡೆ ಗಿಡಕ್ಕೆ ಕಬ್ಬಿಣದ ಅಂಶ ದಕ್ಕುವುದಿಲ್ಲ. ಎಲೆಯ ನರ ಹಸಿರಾಗಿಯೇ ಇದ್ದು ಮಧ್ಯದ ಭಾಗ ಹಳದಿಗೆ ತಿರುಗುತ್ತದೆ. ಒಂದೂವರೆ ಅಡಿ ಆಳ ತೋಡಿ ಅದನ್ನು ಹೊರಗೆ ಹಾಕಿ, ಕೆಮ್ಮಣ್ಣು, ಚೆನ್ನಾಗಿ ಕಳಿತ ಸೆಗಣಿ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ತುಂಬಿಸಿ. ಮಣ್ಣೇ ಇಲ್ಲದವರಿಗೆ ಎಂಟು-ಹತ್ತು ಇಂಚಿನ ಕುಂಡ ಸಾಕು, ತಳದಲ್ಲಿ ತೂತು ಇರಲೇಬೇಕು. ನೀರು ಬೆಳಿಗ್ಗೆ, ಬುಡಕ್ಕೆ. ಎಲೆ ತಾಸುಗಟ್ಟಲೆ ಒದ್ದೆಯಾಗಿದ್ದರೇ ಕಪ್ಪುಚುಕ್ಕೆ ರೋಗದ ಶಿಲೀಂಧ್ರ ಮೊಳೆಯುವುದು. ಮಾರ್ಚ್-ಏಪ್ರಿಲ್‌ನ ಒಣ ಸೆಖೆಯಲ್ಲಿ ಮಾತ್ರ ಈ ನಿಯಮ ಮುರಿಯಬಹುದು. ಆಗ ಎಲೆಯಡಿ ಕೆಂಪು ನುಸಿ ಬಲೆ ಕಟ್ಟುತ್ತದೆ, ಬೆಳಿಗ್ಗೆ ಪೈಪಿನಲ್ಲಿ ಎಲೆಯ ಕೆಳಗಿನಿಂದ ಜೋರಾಗಿ ನೀರು ಹೊಡೆಯಬೇಕು. ಟೀ ಸೊಪ್ಪನ್ನು ಸಕ್ಕರೆ ಸಮೇತ ಬುಡಕ್ಕೆ ಸುರಿಯುವವರಿಗೆ ಇರುವೆ ಸಾಕುವ ಯೋಗ; ತೊಳೆದು ಹಾಕಿ, ಇಲ್ಲವೇ ಬಿಡಿ. ಅದಕ್ಕಿಂತ ಕಡಲೆಕಾಯಿ ಹಿಂಡಿಯನ್ನು ನೆನೆಸಿ ತಿಳಿಮಾಡಿದ ನೀರು ಸಾವಿರ ಪಾಲು ಮೇಲು, ಮೂಗು ಮುಚ್ಚಿಕೊಳ್ಳಬೇಕಷ್ಟೆ.

ಪೂಜೆಗೆ ಹೂವು ಬೇಕು, ಗಿಡದಲ್ಲಿ ಬಿಟ್ಟರೆ ಏನು ಬಂತು ಅನ್ನುವ ಅತ್ತೆಯಂದಿರ ತಕರಾರಿಗೂ ಇಲ್ಲಿ ಉತ್ತರ ಇದೆ. ಕೊಯ್ಯಿರಿ, ಧಾರಾಳವಾಗಿ ಕೊಯ್ಯಿರಿ. ಹೂವು ಗಿಡದಲ್ಲೇ ಒಣಗಿ ಕಾಯಿ ಕಟ್ಟತೊಡಗಿದರೆ ಗಿಡದ ಶಕ್ತಿ ಆ ಕಡೆ ಹೋಗಿ ಹೊಸ ಚಿಗುರು ತಡವಾಗುತ್ತದೆ. ಆದರೆ ಹೂವಿನ ತಲೆಯನ್ನಷ್ಟೇ ಚಿವುಟಬಾರದು. ಗೊಂಚಲು ಮುಗಿಯುವ ಹೊತ್ತಿಗೆ ಕೆಳಗೆ ಐದು ಕಿರುಎಲೆಗಳಿರುವ ಎಲೆ ಹುಡುಕಿ, ಅದರ ಕಂಕುಳಿನ ಕಣ್ಣಿಗಿಂತ ಕಾಲಿಂಚು ಮೇಲೆ ಕತ್ತರಿಸಬೇಕು. ಆ ಕಣ್ಣಿನಿಂದಲೇ ಮುಂದಿನ ಗೊಂಚಲು. ಅಕ್ಟೋಬರಿನಲ್ಲಿ ಇಡೀ ಗಿಡವನ್ನು ಮೂರರಲ್ಲಿ ಒಂದು ಪಾಲು ಸವರಿದರೆ ಆರೇಳು ವಾರಕ್ಕೆ ಗಿಡ ತುಂಬ ಹೂವು. (ಇದಕ್ಕೆ ಬೇರೆ ಕತ್ತರಿ ಇಟ್ಟುಕೊಳ್ಳಿ. ನನ್ನ ಹೊಲಿಗೆ ಕತ್ತರಿಯನ್ನು ಗಿಡಕ್ಕೆ ಮುಟ್ಟಿಸಿದವರ ಜೊತೆ ನಾನು ಮಾತಾಡುವುದಿಲ್ಲ.)

ಇಷ್ಟು ಗುಣ ಇರುವ ಗಿಡಕ್ಕೆ ನಮ್ಮಲ್ಲಿ ಮರ್ಯಾದೆ ಯಾಕಿಲ್ಲ? ಕಣ್ಣು ಹಿಗ್ಗಿಸುವುದೇ ಹೂವಿನ ಕೆಲಸ ಅಂತ ನಾವು ಕಲಿತುಬಿಟ್ಟಿದ್ದೇವೆ. ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಹೂವಿನ ಆನೆ, ಹೂವಿನ ಗೋಪುರದ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಗೋಪುರ ಇರಲಿ, ಮಕ್ಕಳಿಗೆ ಖುಷಿ. ಅದರ ಪಕ್ಕದಲ್ಲೇ, ಒಂದೂವರೆ ಅಡಿ ಅಗಲ, ಹತ್ತಡಿ ಉದ್ದದ ಕಾಂಪೌಂಡ್ ಪಟ್ಟಿಯೊಂದನ್ನು ಮಾಡಿ, ಇಷ್ಟರಲ್ಲಿ ಏನೇನು ಬೆಳೆಯಬಹುದು ಅಂತ ತೋರಿಸಿದರೆ ಜನ ಮನೆಗೆ ಹೋಗಿ ಮಾಡಿ ನೋಡುತ್ತಾರೆ. ಮೈಸೂರು, ಬೆಂಗಳೂರಿನಲ್ಲಿ ಈಗ ಹೆಚ್ಚಿನವರ ಅಂಗಳ ಅಷ್ಟೇ ತಾನೆ?

ನರ್ಸರಿಯವರ ಮೇಲೂ ಒಂದು ದೂರಿದೆ. ಹೆಸರು ಕೇಳಿದರೆ, "ವೈಟ್ ಬಟನ್ ಕಣಕ್ಕ" ಅಂದರೆ ಮುಗಿಯಿತು. ಮಾವು ಕೊಳ್ಳುವಾಗ ಬಾದಾಮಿಯೋ ರಸಪುರಿಯೋ ಅಂತ ಕೇಳಿ, ಮೂಸಿ ನೋಡಿ ತರುವ ಊರಿನವರು ನಾವು. ಗುಲಾಬಿಗೆ ಮಾತ್ರ ಬಣ್ಣ ಹೇಳಿದರೆ ಸಾಕೇ? ಒಂದು ತಳಿ ಮೊಣಕಾಲೆತ್ತರಕ್ಕೆ ನಿಲ್ಲುತ್ತದೆ, ಇನ್ನೊಂದು ಸೊಂಟದವರೆಗೂ ಬರುತ್ತದೆ. ಒಂದು ಕಸಿ ಗಿಡ, ಬುಡದಿಂದ ಕಾಡುಚಿಗುರು ಎದ್ದು ಮೇಲಿನದನ್ನು ನುಂಗಬಹುದು. ಇನ್ನೊಂದು ಕಡ್ಡಿ ನೆಟ್ಟು ಬೇರು ಬರಿಸಿದ್ದು, ಎಲ್ಲಿಂದ ಚಿಗುರಿದರೂ ಅದೇ ಹೂವು. ಬಟನ್ ರೋಸಿನ ಕಡ್ಡಿ ಸುಲಭವಾಗಿ ಬೇರು ಬಿಡುವುದರಿಂದ ಸಣ್ಣ ಜಾಗಕ್ಕೆ ಈ ಎರಡನೆಯದೇ ಸೈ. ಕೊಳ್ಳುವವರಿಗೆ ಇದು ಗೊತ್ತಾಗುವುದು ಹೇಗೆ? ತೋಟಗಾರಿಕೆ ಇಲಾಖೆಯ ನರ್ಸರಿಗಳಾದರೂ ಮೊದಲು ಶುರುಮಾಡಲಿ: ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿದ ಒಂದು ಪಟ್ಟಿ, ಅದರ ಮೇಲೆ ಪೆನ್ಸಿಲಿನಲ್ಲಿ ತಳಿಯ ಹೆಸರು, ಬೆಳೆಯುವ ಎತ್ತರ, ಕಸಿಯೋ ಕಡ್ಡಿಯೋ. ಪೆನ್ನಿನಲ್ಲಿ ಬೇಡ, ಮೊದಲ ಮಳೆಗೇ ಅಳಿಸಿಹೋಗುತ್ತದೆ.